ಬಿಲ್ಲಿಂಗ್ ಮಷೀನ್: ಮೂರೂವರೆ ವರ್ಷ ಗಲ್ಲಾ ಪಕ್ಕ ಇಟ್ಟುಕೊಂಡ ಮೇಲೆ

ಹನುಮಂತನಗರದಲ್ಲಿ ನಮ್ಮದೊಂದು ಚಿಕ್ಕ ಕಾಂಡಿಮೆಂಟ್ಸ್ ಅಂಗಡಿ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಮಿಕ್ಸ್ಚರ್ ಹೊರಗಿನಿಂದ ತರಿಸುತ್ತೇವೆ. ಚಟ್ನಿಪುಡಿ, ಸಾರಿನಪುಡಿ ಮನೆಯಲ್ಲೇ ಮಾಡುತ್ತೇವೆ. 2022ರ ಗೌರಿ ಹಬ್ಬಕ್ಕೆ ಒಂದು ವಾರ ಇದ್ದಾಗ ಕೈಯಲ್ಲಿ ಹಿಡಿಯುವ ಬಿಲ್ಲಿಂಗ್ ಮಷೀನ್ ತಂದೆವು. 9,500 ರೂಪಾಯಿ. ಆ್ಯಪ್‌ಗೆ ಮೊದಲ ವರ್ಷ ಫ್ರೀ, ಆಮೇಲೆ ವರ್ಷ ವರ್ಷ ಕಟ್ಟಬೇಕು. (ಹಬ್ಬದ ವಾರ ಮಾತ್ರ ಹೊಸ ಮಷೀನ್ ತರಬೇಡಿ. ಸಾಲು ನಿಂತ ಜನರ ಮುಂದೆ ನಾನು ಬಟನ್ ಹುಡುಕುತ್ತಿದ್ದೆ.)

ಮೊದಲ ಆರು ತಿಂಗಳು ಅದು ಬರೀ ಚೀಟಿ ಹರಿಯುವ ಯಂತ್ರವಾಗಿತ್ತು. ಐಟಂ ಹೆಸರು, ಮಾರುವ ದರ ಹಾಕಿದ್ದೆವು, ಅಷ್ಟೇ. ಕೊಳ್ಳುವ ದರದ ಜಾಗ ಖಾಲಿ ಬಿಟ್ಟಿದ್ದೆವು. ಹಾಗಾಗಿ ರಿಪೋರ್ಟ್ ತೆರೆದರೆ ಮಾರಿದ್ದೆಲ್ಲ ಲಾಭ ಅಂತ ತೋರಿಸುತ್ತಿತ್ತು! ಆಮೇಲೆ ಒಂದು ಭಾನುವಾರ ಕೂತು ಎಲ್ಲಾ ಐಟಂಗೂ ಕೊಂಡ ದರ ತುಂಬಿದೆ. ಚಟ್ನಿಪುಡಿಗೆ ಬೇಳೆ, ಕೊಬ್ಬರಿ, ಗ್ಯಾಸ್, ಪುಡಿ ಮಾಡಲು ಬರುವ ಅಕ್ಕನ ಕೂಲಿ ಎಲ್ಲ ಸೇರಿಸಿದೆ.

ಅವತ್ತು ಗೊತ್ತಾಗಿದ್ದು ಇದು. ಅಂಗಡಿಯಲ್ಲಿ ಅತಿ ಜಾಸ್ತಿ ಹೋಗುವುದು ಮಿಕ್ಸ್ಚರ್. ಆದರೆ ಕಿಲೋಗೆ ಉಳಿಯುವುದು 40 ರೂಪಾಯಿ, ಅದರಲ್ಲೂ ಡಬ್ಬದ ತಳದ ಪುಡಿ ಕಳೆಯಬೇಕು. ಮೂಲೆಯಲ್ಲಿಟ್ಟಿದ್ದ ಚಟ್ನಿಪುಡಿ ಮಿಕ್ಸ್ಚರ್‌ನ ಕಾಲು ಭಾಗದಷ್ಟೇ ಮಾರಾಟವಾಗಿ ಅದಕ್ಕಿಂತ ಜಾಸ್ತಿ ಕೊಡುತ್ತಿತ್ತು. ಡಬ್ಬಗಳ ಜಾಗ ಬದಲಾಯಿಸಿದೆವು. ಚಟ್ನಿಪುಡಿ ಮುಂದೆ ಬಂತು, ನೂರು ಗ್ರಾಂ ಪ್ಯಾಕೆಟ್ ಮಾಡಿದೆವು. ಮಷೀನಿನ ದುಡ್ಡು ವಾಪಸ್ ಬಂದದ್ದು ಇಲ್ಲಿಂದ, ಬಿಲ್‌ನಿಂದಲ್ಲ.

ಎರಡನೆಯದು ಗಲ್ಲಾ ಲೆಕ್ಕ. ರಾತ್ರಿ ಮಷೀನ್ ಹೇಳುವ ಕ್ಯಾಶ್‌ಗೂ ಕೈಯಲ್ಲಿ ಎಣಿಸಿದ್ದಕ್ಕೂ ದಿನಾ 150, 200 ಕಮ್ಮಿ. ಅಂಗಡಿ ಹುಡುಗನ ಮೇಲೆ ಅನುಮಾನ ಬಂತು. ಪಾಪ, ಅವನದೇನೂ ಇರಲಿಲ್ಲ. ಹಾಲಿಗೆ, ಕೊತ್ತಂಬರಿಗೆ ಅಂತ ನಾನೇ ತೆಗೆಯುತ್ತಿದ್ದೆ, ಮಂಗಳಾರತಿ ತಟ್ಟೆಗೆ ಮಾವನವರು ತೆಗೆಯುತ್ತಿದ್ದರು. ಕೇಳಿದರೆ, ‘ನಮ್ಮ ಗಲ್ಲಾದಿಂದ ನಾವು ತಗೊಂಡರೆ ಅದೂ ಲೆಕ್ಕಾನಾ, ಏನಮ್ಮಾ?’ ಅಂದರು. ಲೆಕ್ಕವೇ. ಈಗ ಮನೆಗೆ ತಿಂಗಳಿಗೆ ಇಷ್ಟು ಅಂತ ಒಂದೇ ಸಲ ತೆಗೆಯುತ್ತೇವೆ, ಅದನ್ನು ಮಷೀನಿನ ಖರ್ಚು ಬಟನ್‌ನಲ್ಲಿ ಹಾಕುತ್ತೇವೆ.

ಇನ್ನು ಜಿಎಸ್‌ಟಿ. ನಾವು ಕಾಂಪೊಸಿಷನ್‌ನಲ್ಲಿದ್ದೇವೆ, ಅಂದರೆ ವಹಿವಾಟಿನ ಮೇಲೆ ಶೇ 1 ಕಟ್ಟುವವರು. ಇಂಥವರು ಗಿರಾಕಿಯಿಂದ ಬೇರೆಯಾಗಿ ತೆರಿಗೆ ತೆಗೆದುಕೊಳ್ಳುವಂತಿಲ್ಲ, ಬಿಲ್ ಆಫ್ ಸಪ್ಲೈ, ಅಂದರೆ ತೆರಿಗೆ ಸಾಲಿಲ್ಲದ ಬಿಲ್ ಕೊಡಬೇಕು. ಆದರೆ ಮಷೀನ್ ಬರುವಾಗಲೇ ಬಿಲ್‌ನಲ್ಲಿ ತೆರಿಗೆ ಸಾಲು ಸೇರಿಸುವ ಸೆಟ್ಟಿಂಗ್‌ನಲ್ಲಿತ್ತು. ಇನ್‌ಸ್ಟಾಲ್ ಮಾಡಿದವರು ಒಂದು ಮಾತೂ ಹೇಳಲಿಲ್ಲ. ಎರಡೇ ವಾರದಲ್ಲಿ ನಮ್ಮ ಆಡಿಟರ್ ಕಣ್ಣಿಗೆ ಬಿತ್ತು, ಬದುಕಿದೆವು. ನೀವು ತಗೊಂಡರೆ ಮೊದಲ ದಿನವೇ ಒಂದು ಬಿಲ್ ಆಡಿಟರ್‌ಗೆ ತೋರಿಸಿ.

ಅವರೇ 2023ರಲ್ಲಿ ಕ್ಯೂಆರ್ ಅನ್ನು ಅಂಗಡಿಯ ಕರೆಂಟ್ ಅಕೌಂಟ್‌ಗೆ ಹಾಕಿಸಿದರು. ಅಲ್ಲಿವರೆಗೆ ಅದು ನಮ್ಮ ಯಜಮಾನರ ಉಳಿತಾಯ ಖಾತೆಗೆ ಹೋಗುತ್ತಿತ್ತು, ನಾದಿನಿಯ ಚೀಟಿ ದುಡ್ಡೂ ಅದರಲ್ಲೇ. 2025ರ ಜುಲೈನಲ್ಲಿ ಯುಪಿಐ ಲೆಕ್ಕದ ಮೇಲೆ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದವಲ್ಲ, ಆಗ ಇದರ ಬೆಲೆ ತಿಳಿಯಿತು. ನಮ್ಮ ಬೀದಿಯಲ್ಲೂ ಕ್ಯೂಆರ್ ತೆಗೆದು ‘ಓನ್ಲಿ ಕ್ಯಾಶ್’ ಚೀಟಿ ಅಂಟಿಸಿದರು. ಅದರಿಂದ ಏನೂ ಆಗುವುದಿಲ್ಲ. ವರ್ಷಕ್ಕೆ ಸರಕು ಮಾರುವವರಿಗೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ಅನ್ನುವ ಜಿಎಸ್‌ಟಿ ನೋಂದಣಿಯ ಮಿತಿ ಕ್ಯಾಶೂ ಸೇರಿದ ಒಟ್ಟು ವಹಿವಾಟಿಗೆ. ಪರಿಚಯದ ಹಣ್ಣಿನಂಗಡಿಯವರು ಮನೆ ದುಡ್ಡು, ಕೈಸಾಲ, ವ್ಯಾಪಾರ ಅಂತ ಬೇರೆ ಮಾಡುತ್ತಾ ಎರಡು ರಾತ್ರಿ ಕೂತಿದ್ದರು. ತಾಜಾ ಹಣ್ಣಿಗೆ ತೆರಿಗೆಯೇ ಇಲ್ಲ, ಆದರೂ ಅದು ಹಣ್ಣಿನ ದುಡ್ಡೇ ಅಂತ ತೋರಿಸಬೇಕಲ್ಲ.

ಬೈಯುವುದೂ ಇದೆ. ಕನ್ನಡದಲ್ಲಿ ಬಿಲ್ ಬರುತ್ತದೆ ಅಂತ ಮಾರಿದ್ದರು. ಬರುತ್ತದೆ, ಒತ್ತಕ್ಷರ ಬಿಟ್ಟು. ಚಕ್ಕುಲಿ ‘ಚಕ್‌ಕುಲಿ’, ನಿಪ್ಪಟ್ಟು ‘ನಿಪ್‌ಪಟ್‌ಟು’. ಮೂರು ಸಲ ದೂರು ಕೊಟ್ಟೆ, ‘ಅಪ್‌ಡೇಟ್ ಮಾಡಿ ಮೇಡಂ’ ಅನ್ನುವುದೊಂದೇ ಉತ್ತರ. 2024ರ ಕೃಷ್ಣಾಷ್ಟಮಿ ಹಿಂದಿನ ಸಂಜೆ, ಚಕ್ಕುಲಿ ಕೋಡುಬಳೆಗೆ ಕಾಲಿಡಲು ಜಾಗವಿಲ್ಲದ ಹೊತ್ತಲ್ಲಿ, ಆ್ಯಪ್ ಎರಡು ತಾಸು ತೆರೆಯಲೇ ಇಲ್ಲ. ಮಾವನವರು ಒಂದು ಮಾತೂ ಆಡದೆ ಪೆನ್ಸಿಲ್ ತೆಗೆದರು. ಅಂದಿನಿಂದ ಪ್ರತಿ ತಿಂಗಳ ಕೊನೆಗೆ ಲೆಕ್ಕವನ್ನೆಲ್ಲ ಎಕ್ಸೆಲ್‌ಗೆ ಇಳಿಸಿ ಇಡುತ್ತೇನೆ. ಥರ್ಮಲ್ ಪೇಪರಿನ ಬಿಲ್ ಕೆಲವೇ ತಿಂಗಳಲ್ಲಿ ಬೆಳ್ಳಗಾಗುತ್ತದೆ, ನಂಬಬೇಡಿ. ಬ್ಯಾಟರಿ ಒಂದು ಸಲ ಬದಲಾಯಿಸಿದ್ದೇವೆ.

ಐದಕ್ಕೆ ಮೂರೂವರೆ ಕೊಡುತ್ತೇನೆ, ರಿನ್ಯೂವಲ್ ಕಟ್ಟುತ್ತೇನೆ. ಸಾಲದ ಲೆಕ್ಕ ಮಾತ್ರ ಮಾವನವರ ನೋಟ್‌ಬುಕ್ಕಿನಲ್ಲೇ ಇದೆ. ಒಮ್ಮೆ ಅದನ್ನೂ ಆ್ಯಪ್‌ಗೆ ಹಾಕಿದ್ದೆ. ಎದುರು ಮನೆ ಅಜ್ಜಿಗೆ 85 ರೂಪಾಯಿ ಬಾಕಿ ಅಂತ ಆ್ಯಪ್ ತಾನಾಗಿಯೇ ಮೆಸೇಜ್ ಕಳಿಸಿಬಿಟ್ಟಿತು. ಅಜ್ಜಿ ಮಾರನೇ ದಿನ ಬಂದು ಚಿಲ್ಲರೆ ಎಣಿಸಿ ಕೊಟ್ಟು ಹೋದವರು ಒಂದು ತಿಂಗಳು ಇತ್ತ ತಲೆಹಾಕಲಿಲ್ಲ.