ಬೇಗ ಬೆಳೆಸದಿರುವುದೇ ಇದರ ಗುಣ: ರಾಯಲ್ ಕ್ಯಾನಿನ್ ಮ್ಯಾಕ್ಸಿ ಪಪ್ಪಿ

ರಾಟ್‌ವೀಲರ್, ಜರ್ಮನ್ ಶೆಫರ್ಡ್, ಡಾಬರ್‌ಮನ್ ಮುಂತಾದ ದೊಡ್ಡ ತಳಿಯ ಮರಿಯನ್ನು ಮನೆಗೆ ತಂದವರಲ್ಲಿ ಹೆಚ್ಚಿನವರು ಮೊದಲು ವಿಚಾರಿಸುವುದು, ಅದು ಬೇಗ ಮೈದುಂಬಿಕೊಂಡು ಎತ್ತರವಾಗಲು ಏನು ಹಾಕಬೇಕೆಂದು. ರಾಯಲ್ ಕ್ಯಾನಿನ್ ಕಂಪನಿಯ ಮ್ಯಾಕ್ಸಿ ಪಪ್ಪಿ ಎಂಬ ಒಣ ಆಹಾರವನ್ನು ನಮ್ಮ ಮನೆಯ ಹೆಣ್ಣು ರಾಟ್‌ವೀಲರ್ ಮರಿಗೆ ಹಾಕುತ್ತ ಬಂದಿರುವ ನಾನು ಅದನ್ನು ಮೆಚ್ಚಿರುವುದು ಸರಿಯಾಗಿ ಇದಕ್ಕೆ ವಿರುದ್ಧವಾದ ಕಾರಣಕ್ಕೆ: ಈ ಆಹಾರ ಮರಿಯನ್ನು ಬೇಗ ಬೆಳೆಸುವುದಿಲ್ಲ, ಬೆಳೆಸಬಾರದೆಂಬ ಲೆಕ್ಕದಲ್ಲಿಯೇ ಅದನ್ನು ತಯಾರಿಸಲಾಗಿದೆ. ಚೀಲದ ಮೇಲಿನ ಚಿತ್ರವನ್ನಾಗಲಿ ಜಾಹೀರಾತನ್ನಾಗಲಿ ನೋಡಿ ಕೊಳ್ಳುವವರಿಗೆ ಈ ಅಂಶ ಹೊಳೆಯುವುದು ಕಷ್ಟ. ಆದ್ದರಿಂದ ತಳಿಯ ಮೈಕಟ್ಟಿನಿಂದಲೇ ಆರಂಭಿಸುತ್ತೇನೆ.

ರಾಟ್‌ವೀಲರ್ ಎಂಬ ಹೆಸರು ದಕ್ಷಿಣ ಜರ್ಮನಿಯ ರಾಟ್‌ವೈಲ್ ಪಟ್ಟಣದಿಂದ ಬಂದದ್ದು. ದನಗಳ ಹಿಂಡನ್ನು ಅಟ್ಟುವುದು, ಕಟುಕರ ಗಾಡಿ ಎಳೆಯುವುದು, ಸರಕು ಕಾಯುವುದು ಅದರ ಕೆಲಸವಾಗಿತ್ತು. ರೈಲು ಬಂದ ಮೇಲೆ ಆ ಕೆಲಸಗಳು ತಪ್ಪಿದವು. 1910ರಲ್ಲಿ ಜರ್ಮನಿಯಲ್ಲಿ ಅದಕ್ಕೆ ಪೊಲೀಸ್ ನಾಯಿಯ ಮಾನ್ಯತೆ ಸಿಕ್ಕಿತು. ಅಂತರರಾಷ್ಟ್ರೀಯ ತಳಿ ಮಾನದಂಡದಂತೆ ಗಂಡು ರಾಟ್‌ವೀಲರ್ ಸುಮಾರು 50 ಕಿಲೋ, ಹೆಣ್ಣು ಸುಮಾರು 42 ಕಿಲೋ ತೂಗುತ್ತದೆ. ಹುಟ್ಟುವಾಗ ಅರ್ಧ ಕಿಲೋ ಆಸುಪಾಸಿನಲ್ಲಿರುವ ಮರಿ ಒಂದೂವರೆ ವರ್ಷದೊಳಗೆ ಆ ತೂಕಕ್ಕೆ ಬರಬೇಕು. ಮೂಳೆಗಳ ತುದಿಯಲ್ಲಿ ಬೆಳವಣಿಗೆ ನಡೆಯುವ ಮೆತ್ತನೆಯ ಪದರ ಗಟ್ಟಿಯಾಗಲು ದೊಡ್ಡ ತಳಿಗಳಲ್ಲಿ ಹನ್ನೆರಡರಿಂದ ಹದಿನೆಂಟು ತಿಂಗಳು ಬೇಕಾಗುತ್ತದೆ. ಅಷ್ಟರೊಳಗೆ ಮೈಯ ತೂಕ ಮೂಳೆಯ ಬಲವನ್ನು ಮೀರಿದರೆ ಪೆಟ್ಟು ಬೀಳುವುದು ಸೊಂಟಕ್ಕೆ ಮತ್ತು ಮೊಣಕೈಗೆ. ಹಿಪ್ ಡಿಸ್‌ಪ್ಲೇಸಿಯಾ ಎಂದು ವೈದ್ಯರು ಕರೆಯುವ, ಸೊಂಟದ ಕೀಲು ತನ್ನ ಗುಳಿಯಲ್ಲಿ ಸರಿಯಾಗಿ ಕೂರದ ತೊಂದರೆ ವಂಶದಿಂದ ಬರುವುದು ನಿಜವಾದರೂ, ಅದು ಎಷ್ಟು ಉಲ್ಬಣಿಸುತ್ತದೆ ಎಂಬುದರಲ್ಲಿ ತಟ್ಟೆಯ ಪಾಲು ಸಣ್ಣದಲ್ಲ.

ರಾಯಲ್ ಕ್ಯಾನಿನ್ 1968ರಲ್ಲಿ ಫ್ರಾನ್ಸಿನ ಪಶುವೈದ್ಯರೊಬ್ಬರು ಆರಂಭಿಸಿದ ಕಂಪನಿ; ಈಗ ಅಮೆರಿಕದ ಮಾರ್ಸ್ ಕಂಪನಿಯ ಕೈಯಲ್ಲಿದೆ. ಬೆಳೆದಾಗ 26ರಿಂದ 44 ಕಿಲೋ ತೂಗುವ ನಾಯಿಗಳ ಎರಡರಿಂದ ಹದಿನೈದು ತಿಂಗಳವರೆಗಿನ ಮರಿಗಳಿಗೆ ಮ್ಯಾಕ್ಸಿ ಪಪ್ಪಿ. 45 ಕಿಲೋ ದಾಟುವ ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್‌ಗಳಿಗೆ ಜೈಂಟ್ ಪಪ್ಪಿ ಎಂಬ ಬೇರೆಯದೇ ಚೀಲ. ಹೀಗೆ ರಾಟ್‌ವೀಲರ್ ತಳಿ ಎರಡು ಚೀಲಗಳ ಗಡಿಯ ಮೇಲೆ ನಿಲ್ಲುತ್ತದೆ. ಹೆಣ್ಣು ಮರಿಗೆ ಮ್ಯಾಕ್ಸಿ ಸಾಕು. ಗಂಡು ಮರಿಯಾದರೆ ತಂದೆ ತಾಯಿಯ ತೂಕವನ್ನು ಮರಿ ಕೊಟ್ಟವರಲ್ಲಿ ಕೇಳಿಯೇ ನಿರ್ಧರಿಸಬೇಕು. ರಾಟ್‌ವೀಲರ್ ಮರಿಗಳಿಗೆಂದೇ ಇದೇ ಕಂಪನಿಯ ಇನ್ನೊಂದು ಚೀಲವೂ ಇದೆ. ಕಾಳಿನ ಆಕಾರ ಬೇರೆ, ಬೆಲೆಯೂ ಬೇರೆ. ಮ್ಯಾಕ್ಸಿ ತಿಂದು ಚೆನ್ನಾಗಿರುವ ಮರಿಗೆ ಅದರ ಅಗತ್ಯ ನನಗೆ ಕಾಣಲಿಲ್ಲ.

ಇಲ್ಲಿ ಎತ್ತರ ಮುಖ್ಯವಲ್ಲ, ತೂಕ ಮುಖ್ಯ ಎಂಬುದಕ್ಕೆ ನಮ್ಮ ಮುಧೋಳ ನಾಯಿಯೇ ಒಳ್ಳೆಯ ನಿದರ್ಶನ. ಎತ್ತರದಲ್ಲಿ ಅದು ರಾಟ್‌ವೀಲರ್‌ಗೆ ಏನೂ ಕಡಿಮೆಯಿಲ್ಲ. ಆದರೆ ಓಡಿ ಬೇಟೆಯಾಡಲೆಂದು ರೂಪುಗೊಂಡ ಅದರ ತೆಳು ಮೈ ಸಾಮಾನ್ಯವಾಗಿ ಮೂವತ್ತು ಕಿಲೋ ದಾಟುವುದಿಲ್ಲ. ಎತ್ತರ ನೋಡಿ ಮುಧೋಳದ ಮರಿಗೆ ಜೈಂಟ್ ಚೀಲ ತರುವುದು ದುಡ್ಡು ದಂಡ.

ಇನ್ನು ಮುಖ್ಯ ವಿಷಯವಾದ ಕ್ಯಾಲ್ಸಿಯಂಗೆ ಬರೋಣ. ಬೆಳೆದ ನಾಯಿ ತನಗೆ ಬೇಡದ ಕ್ಯಾಲ್ಸಿಯಂ ಅನ್ನು ಕರುಳಿನಲ್ಲಿ ಹೀರಿಕೊಳ್ಳದೆ ಹೊರಗೆ ಬಿಡಬಲ್ಲದು. ಆದರೆ ಕೆಲವು ತಿಂಗಳ ಮರಿಗೆ ಆ ಹಿಡಿತ ಇನ್ನೂ ಬಂದಿರುವುದಿಲ್ಲವಾದ್ದರಿಂದ ತಟ್ಟೆಯಲ್ಲಿ ಹೆಚ್ಚು ಇದ್ದಷ್ಟೂ ಹೆಚ್ಚು ಮೈಗೆ ಸೇರುತ್ತದೆ. ನೆದರ್‌ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳ ಮೇಲೆ ನಡೆದ ಸಂಶೋಧನೆಯಲ್ಲಿ, ಅಗತ್ಯ ಮೀರಿ ಕ್ಯಾಲ್ಸಿಯಂ ತಿಂದ ಮರಿಗಳ ಮೂಳೆ ಗಟ್ಟಿಯಾಗುವ ಬದಲು ಬೆಳವಣಿಗೆಯೇ ಏರುಪೇರಾಗಿ, ಕೀಲುಗಳಲ್ಲಿ ದೋಷ ಕಾಣಿಸಿಕೊಂಡಿತು. ಅಮೆರಿಕದ ಪ್ರಾಣಿ ಆಹಾರದ ನಿಯಮಗಳನ್ನು ರೂಪಿಸುವ ಆಫ್ಕೋ ಸಂಸ್ಥೆಯು ಬೆಳೆದಾಗ 70 ಪೌಂಡ್, ಅಂದರೆ ಸುಮಾರು 32 ಕಿಲೋ ಅಥವಾ ಅದಕ್ಕೂ ಮೇಲೆ ತೂಗುವ ತಳಿಗಳ ಮರಿ ಆಹಾರದಲ್ಲಿ ತೇವಾಂಶ ಕಳೆದು ನೋಡಿದಾಗ ಕ್ಯಾಲ್ಸಿಯಂ 1.8 ಶೇಕಡಾ ಮೀರಬಾರದೆಂದು ಮಿತಿ ಹಾಕಿರುವುದು ಈ ಕಾರಣಕ್ಕೆ. ಉಳಿದ ಮರಿಗಳಿಗೆ ಆ ಮಿತಿ 2.5 ಶೇಕಡಾ. ಅಂದರೆ ಪೊಮೆರೇನಿಯನ್ ಮರಿ ಅರಗಿಸಿಕೊಳ್ಳುವ ಆಹಾರ ರಾಟ್‌ವೀಲರ್ ಮರಿಗೆ ಅತಿಯಾಗಬಹುದು. ದೊಡ್ಡ ತಳಿಯ ಮರಿ ಆಹಾರ ಎಂದು ಬೇರೆ ಚೀಲ ಇರುವುದಕ್ಕೆ ಇದಕ್ಕಿಂತ ಗಟ್ಟಿಯಾದ ಸಮರ್ಥನೆ ಬೇರೆ ಬೇಕಿಲ್ಲ.

ಚೀಲ ಯಾವ ಕಂಪನಿಯದ್ದೇ ಆಗಿರಲಿ, ಹಿಂಬದಿಯ ಪಟ್ಟಿಯನ್ನು ಓದಿ ಲೆಕ್ಕ ಹಾಕುವುದು ಸುಲಭ. ಒಣ ಆಹಾರದಲ್ಲಿ ಸುಮಾರು ಹತ್ತು ಶೇಕಡಾ ತೇವಾಂಶ ಇರುವುದರಿಂದ, ಪಟ್ಟಿಯಲ್ಲಿರುವ ಅಂಕಿಯನ್ನು 0.9ರಿಂದ ಭಾಗಿಸಬೇಕು. ಪಟ್ಟಿಯಲ್ಲಿ 1.3 ಎಂದಿದ್ದರೆ ಒಣ ಲೆಕ್ಕದಲ್ಲಿ 1.44, ಅದು ಮಿತಿಯೊಳಗಿದೆ. ತೊಂದರೆಯೆಂದರೆ ನಮ್ಮ ಪೇಟೆಯ ಹಲವು ಅಗ್ಗದ ಚೀಲಗಳ ಮೇಲೆ ‘ಕನಿಷ್ಠ’ ಎಂಬ ಅಂಕಿಯಷ್ಟೇ ಇರುತ್ತದೆ. ದೊಡ್ಡ ತಳಿಯ ಮರಿಗೆ ಗೊತ್ತಾಗಬೇಕಿರುವುದು ಗರಿಷ್ಠ ಎಷ್ಟು ಎಂಬುದು. ಅದಿಲ್ಲದ ಚೀಲವನ್ನು ನಾನು ಕೈಗೆತ್ತಿಕೊಳ್ಳುವುದಿಲ್ಲ.

ಇಷ್ಟೆಲ್ಲ ಅಳೆದು ತೂಗಿ ತಯಾರಿಸಿದ ಆಹಾರವನ್ನು ನಾವು ಮನೆಯಲ್ಲಿ ಕೆಡಿಸುವ ಬಗೆಯೂ ಒಂದಿದೆ. ನಾನು ಮೊದಲ ಚೀಲ ಕೊಂಡ ಅಂಗಡಿಯಲ್ಲಿ, ಹೆಸರು ಬೇಡ, ಬಿಲ್ ಹಾಕುವ ಮೊದಲೇ ಕ್ಯಾಲ್ಸಿಯಂ ಸಿರಪ್ಪಿನ ಬಾಟಲಿಯೊಂದನ್ನು ಚೀಲದ ಪಕ್ಕಕ್ಕೆ ಇಟ್ಟು, “ರಾಟ್‌ವೀಲರ್ ಅಲ್ವಾ ಸಾರ್, ಇದು ಹಾಕದಿದ್ದರೆ ಕಾಲು ಸೊಟ್ಟ ಆಗುತ್ತೆ” ಎಂದರು. ಬೇಡವೆಂದರೂ ಎರಡು ಸಲ ಒತ್ತಾಯ ಮಾಡಿದರು. ಸಮತೋಲನದ ಆಹಾರ ತಿನ್ನುವ ಮರಿಗೆ ಈ ಬಾಟಲಿ ಹಾಕಿದರೆ, ಹೆಚ್ಚು ಹಣ ಕೊಟ್ಟು ಕೊಂಡ ಮಿತಿಯನ್ನು ಇನ್ನಷ್ಟು ಹಣ ಕೊಟ್ಟು ಮುರಿದ ಹಾಗಾಗುತ್ತದೆ. ಕಾಲು ಸೊಟ್ಟಗಾಗುವ ಭಯ ಪೂರ್ತಿ ಸುಳ್ಳೇನೂ ಅಲ್ಲ. ಆದರೆ ಅದು ಬರೀ ಅನ್ನ ಮತ್ತು ಮೂಳೆಯಿಲ್ಲದ ಕೋಳಿಮಾಂಸ ತಿಂದು ಬೆಳೆಯುವ ಮರಿಗಳ ಮಾತು. ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ಆಗ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಂಡು ಮೂಳೆ ಪೊಳ್ಳಾಗುತ್ತದೆ. ಅಂತಹ ಮರಿಗೆ ಏನು, ಎಷ್ಟು ಎಂಬುದನ್ನು ಪಶುವೈದ್ಯರು ಹೇಳಬೇಕೇ ಹೊರತು ಅಂಗಡಿಯವರಲ್ಲ. ನಮ್ಮ ಹಳೆಯ ಮೈಸೂರಿನ ಮನೆಗಳಲ್ಲಿ ನಾಯಿಗೂ ಒಂದು ತುಣುಕು ಮುದ್ದೆ ಹಾಕುವ ರೂಢಿಯಿದೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದ್ದರೂ ಗೋಲಿ ಗಾತ್ರದ ತುಣುಕಿನಿಂದ ಲೆಕ್ಕ ತಪ್ಪುವುದಿಲ್ಲ. ದಿನದ ಊಟದ ಅರ್ಧವೇ ಮುದ್ದೆಯಾದರೆ ಚೀಲದ ಸಮತೋಲನಕ್ಕೆ ಅರ್ಥ ಉಳಿಯುವುದಿಲ್ಲ.

ಉತ್ಪನ್ನದ ಬಳಕೆಯ ಬಗ್ಗೆ ಹೇಳುವುದಾದರೆ, ಕಾಳು ದಪ್ಪವಾಗಿದ್ದು ಮರಿ ಅದನ್ನು ನುಂಗದೆ ಕಡಿದೇ ತಿನ್ನುತ್ತದೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಸಮಯದಲ್ಲಿ ನಮ್ಮ ಮರಿ ತಟ್ಟೆಯ ಮುಂದೆ ನಿಂತು ಒಂದೊಂದೇ ಕಾಳನ್ನು ಬಾಯಿಗೆ ತೆಗೆದುಕೊಂಡು ಮತ್ತೆ ಕೆಳಗಿಡುತ್ತಿತ್ತು. ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಕಾಳು ಉಬ್ಬಿ, ಕೋಳಿ ಸಾರಿನಂತಹ ವಾಸನೆ ಎದ್ದು, ತಟ್ಟೆ ಖಾಲಿಯಾಗುತ್ತಿತ್ತು. ಮಲ ಗಟ್ಟಿಯಾಗಿ ಬರುತ್ತದೆ, ಪ್ರಮಾಣವೂ ಕಡಿಮೆ. ಒಣ ಕೋಳಿ ಪ್ರೋಟೀನು, ಪ್ರಾಣಿ ಕೊಬ್ಬು, ಮೆಕ್ಕೆಜೋಳ ಸೇರಿರುವ ಈ ಆಹಾರವನ್ನು ಧಾನ್ಯವಿದೆ ಎಂಬ ಕಾರಣಕ್ಕೆ ಕೀಳಾಗಿ ಕಾಣುವವರಿದ್ದಾರೆ. ಧಾನ್ಯ ಬಿಟ್ಟು ಬೇಳೆಕಾಳು ತುಂಬಿದ ಆಹಾರಗಳಿಗೂ ಹೃದಯದ ಸ್ನಾಯು ಸಡಿಲವಾಗುವ ಕಾಯಿಲೆಗೂ ಸಂಬಂಧ ಇರಬಹುದೇ ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಇಲಾಖೆ 2018ರಲ್ಲಿ ತನಿಖೆಗೆ ಇಳಿದದ್ದನ್ನು ಅವರು ಗಮನಿಸುವುದು ಒಳ್ಳೆಯದು. ಡಾಬರ್‌ಮನ್ ಸಾಕಿರುವವರಂತೂ ಗಮನಿಸಲೇಬೇಕು, ಆ ಕಾಯಿಲೆ ಆ ತಳಿಯ ರಕ್ತದಲ್ಲಿಯೇ ಇದೆ.

ಚೀಲದ ಹಿಂದಿನ ಕೋಷ್ಟಕ ಈ ಕಂಪನಿಯ ದೊಡ್ಡ ಬಲ. ಮರಿಯ ಇಂದಿನ ತೂಕಕ್ಕೆ ಬದಲಾಗಿ, ಬೆಳೆದಾಗ ಎಷ್ಟು ತೂಗಬೇಕು ಮತ್ತು ಈಗ ಎಷ್ಟು ತಿಂಗಳು ಎಂಬ ಎರಡನ್ನು ನೋಡಿ ಪ್ರಮಾಣ ಹೇಳುತ್ತದೆ. ಇದರಿಂದ ದಪ್ಪಗಾದ ಮರಿಗೆ ಇನ್ನೂ ಹೆಚ್ಚು ಹಾಕುವ ಎಡವಟ್ಟು ತಪ್ಪುತ್ತದೆ. ಹಾಗೆಂದು ಕೋಷ್ಟಕವೇ ಕೊನೆಯ ಮಾತಲ್ಲ. ಅಂಗೈಯನ್ನು ಮರಿಯ ಪಕ್ಕೆಯ ಮೇಲೆ ಮೆಲ್ಲಗೆ ಆಡಿಸಿದಾಗ, ಒತ್ತದೆಯೇ ಪಕ್ಕೆಲುಬುಗಳು ಬೆರಳಿಗೆ ಸಿಗಬೇಕು. ಮೇಲಿನಿಂದ ನೋಡಿದರೆ ನಡು ಒಳಸರಿದಿರಬೇಕು. ಸಿಗದಿದ್ದರೆ ಮುಂದಿನ ವಾರ ಕಡಿಮೆ ಹಾಕಬೇಕು. ನೆಂಟರು ಬಂದು “ಏನು, ನಾಯಿಗೆ ಹೊಟ್ಟೆಗೆ ಹಾಕೋದಿಲ್ವಾ?” ಎಂದು ಕೇಳಿದರೆ ಮರಿ ಸರಿಯಾದ ಮೈಯಲ್ಲಿದೆ ಎಂದುಕೊಳ್ಳಬಹುದು. ಒಡಹುಟ್ಟಿದ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಆಹಾರ ಕೊಟ್ಟು ಜೀವಮಾನವಿಡೀ ಗಮನಿಸಿದ ಅಧ್ಯಯನದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಕಡಿಮೆ ತಿಂದವುಗಳ ಮಧ್ಯಮ ಆಯಸ್ಸು 13 ವರ್ಷ, ಹೆಚ್ಚು ತಿಂದವುಗಳದ್ದು 11.2, ಸೊಂಟದ ತೊಂದರೆಯೂ ಕಡಿಮೆ ತಿಂದವುಗಳಲ್ಲಿಯೇ ಕಡಿಮೆ. ಅಧ್ಯಯನ ನಡೆಸಿದ್ದು ನಾಯಿ ಆಹಾರ ಮಾರುವ ಪ್ಯುರಿನಾ ಕಂಪನಿ ಎಂಬುದು ಅದರ ತೂಕವನ್ನು ನನ್ನ ಮಟ್ಟಿಗೆ ಹೆಚ್ಚಿಸುತ್ತದೆ, ಏಕೆಂದರೆ ಕಡಿಮೆ ಹಾಕಿ ಎಂದು ಹೇಳುವುದರಲ್ಲಿ ಅದಕ್ಕೆ ಲಾಭವೇನಿಲ್ಲ.

ಆಳವಾದ ಎದೆಯ ದೊಡ್ಡ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುವ ಅಪಾಯ ಇರುವುದರಿಂದ, ಚೀಲ ಯಾವುದೇ ಇರಲಿ, ದಿನದ ಪ್ರಮಾಣವನ್ನು ಒಂದೇ ಹೊತ್ತಿಗೆ ಸುರಿಯಬಾರದು. ಆರು ತಿಂಗಳವರೆಗೆ ಮೂರು ಹೊತ್ತು, ಆಮೇಲೆ ಜೀವಮಾನವಿಡೀ ಎರಡು ಹೊತ್ತು. ಗಬಗಬನೆ ತಿನ್ನುವ ನಾಯಿಗೆ ಒಳಗೆ ದಿಣ್ಣೆಗಳಿರುವ ತಟ್ಟೆ ಉಪಯುಕ್ತ. ದೊಡ್ಡ ನಾಯಿಗೆ ಕತ್ತು ಬಗ್ಗಿಸುವ ಕಷ್ಟ ಬೇಡವೆಂದು ಅಂಗಡಿಗಳಲ್ಲಿ ಮಾರುವ ಎತ್ತರದ ಸ್ಟ್ಯಾಂಡ್ ಮಾತ್ರ ಬೇಡ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಎತ್ತರದ ತಟ್ಟೆಯಲ್ಲಿ ತಿನ್ನುವ ನಾಯಿಗಳಲ್ಲಿ ಈ ಅಪಾಯ ಹೆಚ್ಚಾಗಿ ಕಂಡಿದೆ. ಹೊಟ್ಟೆ ಉಬ್ಬಿ, ವಾಂತಿ ಬರುವಂತೆ ಮಾಡಿಯೂ ಏನೂ ಹೊರಬರದಿದ್ದರೆ ಬೆಳಗಾಗಲಿ ಎಂದು ಕಾಯದೆ ಆ ಕ್ಷಣವೇ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಒಯ್ಯಬೇಕು. ಮರಿಯ ಕೀಲಿನ ವಿಷಯಕ್ಕೆ ಇನ್ನೊಂದು ಮಾತು: ನುಣುಪಾದ ಗ್ರಾನೈಟ್ ಮತ್ತು ಟೈಲ್ಸ್ ನೆಲದಲ್ಲಿ ಹಿಂಗಾಲು ಅಗಲಕ್ಕೆ ಜಾರುತ್ತದೆ. ತಟ್ಟೆ ಇಡುವ ಜಾಗದಲ್ಲಿ ಒಂದು ಗೋಣಿತಟ್ಟು ಹಾಸಿದರೆ ಖರ್ಚಿಲ್ಲದೆ ಮುಗಿಯುವ ಕೆಲಸ.

ಈಗ ಬೆಲೆ. ಪೇಟೆಯ ಸಾಮಾನ್ಯ ಚೀಲಗಳಿಗೆ ಹೋಲಿಸಿದರೆ ಇದು ಎರಡು ಪಟ್ಟಿಗೂ ಹೆಚ್ಚು. ಐದಾರು ತಿಂಗಳ ರಾಟ್‌ವೀಲರ್ ಮರಿ ದಿನಕ್ಕೆ ಅರ್ಧ ಕಿಲೋ ಆಸುಪಾಸು ತಿನ್ನುವುದರಿಂದ ತಿಂಗಳಿಗೆ ಹದಿನೈದು ಕಿಲೋ ಹತ್ತಿರ ಬೇಕಾಗುತ್ತದೆ; ಮಧ್ಯಮ ವರ್ಗದ ಮನೆಗೆ ಇದು ಹಗುರ ಖರ್ಚಲ್ಲ. ಹಣ ಉಳಿಸಲೆಂದು ಕೆಲವರು ಬಿಡಿಯಾಗಿ ತೂಗಿಸಿಕೊಳ್ಳುತ್ತಾರೆ. ಬಿಚ್ಚಿಟ್ಟ ಚೀಲದಿಂದ ತೂಗಿ ಕೊಡುವ ಆಹಾರಕ್ಕೆ ತಯಾರಿಕೆಯ ದಿನಾಂಕವೂ ಇಲ್ಲ, ಕೊಬ್ಬು ಕಮಟು ಹಿಡಿದಿದೆಯೇ ಎಂಬ ಖಾತರಿಯೂ ಇಲ್ಲ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಂತೂ ಬೂಷ್ಟು ಬರಲು ಹೆಚ್ಚು ದಿನ ಬೇಡ. ಮೂಲ ಚೀಲವನ್ನೇ ಮುಚ್ಚಳವಿರುವ ಡ್ರಮ್ಮಿನೊಳಗಿಟ್ಟು ತಿಂಗಳು ಒಂದೂವರೆ ತಿಂಗಳೊಳಗೆ ಮುಗಿಸುವಷ್ಟೇ ಕೊಳ್ಳಬೇಕು. ಈ ಬೆಲೆ ಕೈಗೆಟುಕದವರು ಬೇಸರಪಡಬೇಕಿಲ್ಲ: ದೊಡ್ಡ ತಳಿಯ ಮರಿಗೆಂದು ಸ್ಪಷ್ಟವಾಗಿ ಬರೆದು, ಕ್ಯಾಲ್ಸಿಯಂ ಗರಿಷ್ಠ ಮಿತಿಯನ್ನೂ ಮುದ್ರಿಸಿರುವ ಬೇರೆ ಕಂಪನಿಯ ಚೀಲ ಸಿಕ್ಕರೆ, ಅಳತೆ ತಪ್ಪದೆ ಹಾಕಿದರೆ, ಅದೂ ಇದೇ ಕೆಲಸ ಮಾಡುತ್ತದೆ. ಹದಿನೈದು ತಿಂಗಳು ತುಂಬಿದ ಮೇಲೆ ಬೆಳೆದ ನಾಯಿಯ ಆಹಾರಕ್ಕೆ ಬದಲಿಸುವಾಗ ಮೊದಲ ಎರಡು ದಿನ ಕಾಲುಭಾಗ, ಆಮೇಲೆ ಅರ್ಧ, ಮುಕ್ಕಾಲು ಎಂದು ವಾರದುದ್ದಕ್ಕೂ ಬೆರೆಸುತ್ತ ಹೋಗಬೇಕು. ಒಂದೇ ದಿನ ಬದಲಿಸಿದರೆ ಭೇದಿ ಖಂಡಿತ ಎಂದೇ ತಿಳಿಯಬೇಕು.