ಪಂಪ್ ಬದಲಿಸದೆ ಜಿಪ್ಸಿಯನ್ನು ಘಾಟಿ ಹತ್ತಿಸಿದ ಮಡಿಕೇರಿಯ ಗ್ಯಾರೇಜು

ನಮ್ಮ ತೋಟದ ಕೆಲಸಕ್ಕಿರುವ 2004ರ ಮಾರುತಿ ಜಿಪ್ಸಿ ಸಮತಟ್ಟಾದ ರಸ್ತೆಯಲ್ಲಿ ಯಾವ ತಕರಾರೂ ಇಲ್ಲದೆ ಓಡುತ್ತಿತ್ತು. ಆದರೆ ನಾಲ್ಕು ಮೂಟೆ ಗೊಬ್ಬರ ಹೇರಿಕೊಂಡು ಸಂಪಾಜೆ ಘಾಟಿ ಹತ್ತತೊಡಗಿದರೆ ಮೂರನೇ ಗೇರಿನಲ್ಲಿ ಪಿಕಪ್ ಕಳೆದುಕೊಂಡು ಜಗ್ಗುತ್ತಿತ್ತು. ಎಷ್ಟು ತುಳಿದರೂ ಮೇಲೇಳುತ್ತಿರಲಿಲ್ಲ. ಮೊದಲು ತೋರಿಸಿದ ಕಡೆ ಪ್ಲಗ್ ಬದಲಿಸಿದರು, ಇಂಜೆಕ್ಟರ್ ತೊಳೆದರು, ಕೊನೆಗೆ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪನ್ನೇ ಬದಲಿಸಬೇಕೆಂದರು. ಅಷ್ಟೆಲ್ಲ ಆದರೂ ಪೆಟ್ರೋಲಿನ ಒತ್ತಡವನ್ನು ಒಮ್ಮೆಯೂ ಅಳೆದಿರಲಿಲ್ಲ.

ಪರಿಚಯದವರ ಮಾತು ಕೇಳಿ ಮಡಿಕೇರಿಯ ಈ ಸಣ್ಣ ಗ್ಯಾರೇಜಿಗೆ ಫೋನ್ ಮಾಡಿದಾಗ, ಮೂಟೆಗಳನ್ನು ಇಳಿಸದೆ ಹಾಗೆಯೇ ಬನ್ನಿ ಎಂದರು. ಮೇಸ್ತ್ರಿ ಪಂಪಿನ ಫ್ಯೂಸ್ ಕಿತ್ತು, ಇಂಜಿನ್ ತಾನಾಗಿ ಆರುವವರೆಗೆ ಓಡಿಸಿ ಲೈನಿನಲ್ಲಿದ್ದ ಒತ್ತಡವನ್ನು ಇಳಿಸಿದ ಮೇಲೆಯೇ ಪೈಪ್ ಬಿಚ್ಚಿ ಗೇಜು ಜೋಡಿಸಿದರು. ಐಡ್ಲಿಂಗಿನಲ್ಲಿ ಅದು ಚದರ ಸೆಂಟಿಮೀಟರಿಗೆ 2.3 ಕೆಜಿ ತೋರಿಸಿತು, ಅಂದರೆ ಸರಿಯಾಗಿಯೇ ಇತ್ತು. ಬಹುಪಾಲು ಪರೀಕ್ಷೆಗಳು ಇಲ್ಲಿಗೇ ಮುಗಿಯುತ್ತವೆ. ಇವರು ಮಾತ್ರ ಉದ್ದದ ಹೋಸಿನ ತುದಿಯಲ್ಲಿದ್ದ ಗೇಜನ್ನು ಬಾನೆಟ್ಟಿನ ಅಂಚಿನಿಂದ ಹೊರತಂದು, ಮುಂದಿನ ಗಾಜಿನ ಹೊರಮೈಗೆ ಟೇಪಿನಿಂದ ಅಂಟಿಸಿ, ನನ್ನನ್ನೂ ಕೂರಿಸಿಕೊಂಡು ಮದೆನಾಡಿನವರೆಗೆ ಇಳಿದು ಮತ್ತೆ ಹತ್ತಿಸಿದರು. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಮ್ಯಾನಿಫೋಲ್ಡಿನ (ಇಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯ) ವ್ಯಾಕ್ಯೂಮ್ ಇಳಿಯುವುದರಿಂದ, ಪೆಟ್ರೋಲಿನ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರ್ ಅದನ್ನು ಸುಮಾರು ಅರ್ಧ ಕೆಜಿ ಏರಿಸಬೇಕು. ನಮ್ಮ ಕಣ್ಣೆದುರಿಗೇ ಮುಳ್ಳು 1.6ಕ್ಕೆ ಕುಸಿಯಿತು, ಅದೇ ಹೊತ್ತಿಗೆ ಗಾಡಿ ಜಗ್ಗಿತು.

ಮರಳಿ ಬಂದ ಮೇಲೆ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪನ್ನು ಕಿತ್ತು ಮೂಸಿ ನೋಡಿದರು. ಪೆಟ್ರೋಲಿನ ವಾಸನೆ ಬಂದಿದ್ದರೆ ಒಳಗಿನ ತೆಳು ಪೊರೆ, ಅಂದರೆ ಡಯಾಫ್ರಂ, ಹರಿದಿದೆ ಎಂದರ್ಥವಾಗುತ್ತಿತ್ತು, ಅದು ಬರಲಿಲ್ಲ. ಹೆಚ್ಚಾದ ಪೆಟ್ರೋಲ್ ಟ್ಯಾಂಕಿಗೆ ಹಿಂದಿರುಗುವ ಹೋಸನ್ನು ಅರೆಕ್ಷಣ ಒತ್ತಿ ಹಿಡಿದರೆ ಮುಳ್ಳು ಚಂಗನೆ ಏರಬೇಕಿತ್ತು, ಆದರೆ ಅದು ತಡವರಿಸಿತು. ಹಾಗಾಗಿ ತೊಂದರೆ ಪಂಪಿನ ಕಡೆಯಿದೆ ಎಂದಾಯಿತು. ಹಳೆಯ ಫಿಲ್ಟರನ್ನು ಬೋರಲು ಹಾಕಿದಾಗ ಬಿಳಿ ಬಟ್ಟೆಯ ಮೇಲೆ ಕಾಫಿ ಡಿಕಾಕ್ಷನ್ ಬಣ್ಣದ ತುಕ್ಕುನೀರು ಬಿತ್ತು. ಹೊಸ ಫಿಲ್ಟರ್ ಹಾಕಿದರೂ ಸುಧಾರಣೆ ಅಲ್ಪವೇ.

ಆಮೇಲೆ ಮಾಡಿದ ಕೆಲಸಕ್ಕೇ ನಾನು ಈ ಗ್ಯಾರೇಜನ್ನು ಮೆಚ್ಚುವುದು. ಇಂಜಿನ್ ಓಡುತ್ತಿರುವಾಗಲೇ ಮಲ್ಟಿಮೀಟರ್ ಹಿಡಿದರೆ ಬ್ಯಾಟರಿಯಲ್ಲಿ 13.8 ವೋಲ್ಟ್, ಪಂಪಿನ ಕನೆಕ್ಟರಿನಲ್ಲಿ ಬರೀ 10.1! “ಪಂಪ್ ಸತ್ತಿಲ್ಲ ಸಾರ್, ಅದಕ್ಕೆ ಕರೆಂಟೇ ಸರಿಯಾಗಿ ಸಿಗ್ತಿಲ್ಲ” ಎಂದು ಹೇಳಿ ಗಾಡಿಯ ಅಡಿಗೆ ನುಸುಳಿದರು. ಹಿಂದಿನ ಚಕ್ರದ ಬಳಿ ಷಾಸಿಗೆ ಬಿಗಿದಿದ್ದ ಅರ್ಥ್ ವೈರಿನ ತುದಿ, ನಮ್ಮ ಮಳೆಗಾಲಗಳ ಕೆಂಪು ಕೆಸರು ಕಟ್ಟಿ, ಬೆರಳು ತಾಗಿಸಿದರೆ ಉದುರುವಷ್ಟು ತುಕ್ಕು ಹಿಡಿದಿತ್ತು. ಆ ಜಾಗವನ್ನು ಉಜ್ಜಿ, ಹೊಸ ವೈರ್ ಎಳೆದು, ಗ್ರೀಸ್ ಹಚ್ಚಿದ ಮೇಲೆ 13.4 ವೋಲ್ಟ್ ಬಂತು. ಮತ್ತೆ ಅದೇ ಮೂಟೆಗಳೊಂದಿಗೆ ಅದೇ ಏರನ್ನು ಹತ್ತಿಸಿದಾಗ ಮುಳ್ಳು 2.8ರಿಂದ ಕದಲಲಿಲ್ಲ.

ಖರ್ಚು ಪಂಪಿಗೆ ಹೇಳಿದ್ದ ಮೊತ್ತದ ಕಾಲು ಭಾಗವನ್ನೂ ಮುಟ್ಟಲಿಲ್ಲ. ಕೊರತೆಗಳೂ ಇವೆ. ಶೆಡ್ ಇಕ್ಕಟ್ಟಾದ್ದರಿಂದ ಗಾಡಿ ಒಂದು ರಾತ್ರಿ ಹೊರಗೆ ನಿಂತು, ಮೇಲಿನ ಮೂಟೆ ನೆನೆದುಹೋಯಿತು. ಬಿಲ್ಲನ್ನು ಎರಡು ಸಲ ಕೇಳಿದ ಮೇಲೆ ಬರೆದುಕೊಟ್ಟರು. ಅವರಲ್ಲಿ ಗೇಜು ಒಂದೇ ಇರುವುದರಿಂದ ಹೋಗುವವರು ಮೊದಲೇ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಬೇಕು.