ಲ್ಯೂಟಿಗೆ ಕರುಳಿನ ತಂತಿ: ಮೈಕಿನ ಮುಂದೆ ಎರಡು ವರ್ಷ

ಲ್ಯೂಟ್ ಎಂದರೆ ಮೀಟಿ ನುಡಿಸುವ ಹಳೆಯ ಯುರೋಪಿನ ತಂತಿವಾದ್ಯ. 60 ಸೆಂ.ಮೀ. ತಂತಿಯಳತೆಯ ಆರು ಜೋಡಿ ಲ್ಯೂಟಿಗೆ ಪೂರ್ತಿ ಕುರಿಕರುಳಿನ ತಂತಿಯನ್ನೇ ಕಟ್ಟುವುದಾದರೆ, ಖರ್ಚೆಲ್ಲ ಮೇಲಿನ (ಅತಿ ಎತ್ತರದ ಸ್ವರದ) ಒಂದೇ ತಂತಿಯದು. 0.42 ಮಿ.ಮೀ. ದಪ್ಪದ್ದನ್ನು 440ರ ಶ್ರುತಿಯಲ್ಲಿ (ಎ ಸ್ವರ 440 ಹರ್ಟ್ಸ್) ಜಿ ಸ್ವರಕ್ಕೆ ಬಿಗಿದರೆ ಸುಮಾರು 4 ಕಿಲೋ ಎಳೆತ, ಹರಿಯುವುದಕ್ಕೆ ಸ್ವಲ್ಪವೇ ಬಾಕಿ. 415ಕ್ಕೆ ಇಳಿಸಿದರೆ ಮೂರೂವರೆ ಕಿಲೋ, ಬಾಳಿಕೆಯೂ ಹೆಚ್ಚು.

ಹರಿದರೆ ಬಿಡಿ, ಹೊಸದು ಹಾಕಬಹುದು. ತಲೆ ಕೆಡಿಸುವುದು ಹರಿಯದೆ ಬೇಸೂರು ನುಡಿಯುವ ತಂತಿ. ದಪ್ಪ ಉದ್ದಕ್ಕೂ ಒಂದೇ ಸಮ ಇಲ್ಲದಿದ್ದರೆ, ಬಿಡಿ ತಂತಿ ಶ್ರುತಿಯಲ್ಲಿದ್ದರೂ ಐದನೇ ಮೆಟ್ಟಿಲಲ್ಲಿ ಕೈಕೊಡುತ್ತದೆ. ಬಿರಡೆ ಎಷ್ಟು ತಿರುಗಿಸಿದರೂ ಅಷ್ಟೇ. ಕಟ್ಟುವ ಮೊದಲೇ ಎರಡೂ ಕೈಯಲ್ಲಿ ಎಳೆದು ಹಿಡಿದು ಬೆರಳಲ್ಲಿ ಮೀಟಿ ನೋಡಿ. ಎರಡು ಸ್ಪಷ್ಟ ಗೆರೆ ಕಂಡರೆ ಸರಿ. ನಡುವೆ ಮೂರನೆಯದು ನಡುಗಿದರೆ ಹಿಡಿದ ಜಾಗ ಸರಿಸಿ ಒಳ್ಳೆಯ ಭಾಗ ಹುಡುಕಿ. 120 ಸೆಂ.ಮೀ. ತುಂಡು ಕೊಳ್ಳಬೇಕಾದ್ದು ಇದಕ್ಕೇ.

ಸ್ಟುಡಿಯೋದಲ್ಲಿ ಎಸಿ ಹಾಕಿದರೆ ಇನ್ನೊಂದು ಗೋಳು. ಕರುಳು ತೇವ ಹೀರಿ ಉಬ್ಬುತ್ತದೆ, ಒಣಗಿ ಸೊರಗುತ್ತದೆ, ಅದೂ ದಪ್ಪದ್ದು ಒಂದು ಲೆಕ್ಕ, ತೆಳುವಿನದು ಇನ್ನೊಂದು. ಬೆಳಗ್ಗೆ ಮುದ್ರಿಸಿದ ಟೇಕಿಗೆ ಸಂಜೆಯದನ್ನು ಅಂಟಿಸಿದರೆ ಹೊಲಿಗೆ ಕೇಳಿಸುತ್ತದೆ. ತೇವಾಂಶ ಶೇ. 45–55ರಲ್ಲಿ ನಿಲ್ಲಿಸಿ, ಪ್ರತಿ ಟೇಕಿಗೂ ಮುಂಚೆ ಅದೇ ಟ್ಯೂನಿಂಗ್ ಫೋರ್ಕಿಗೆ ಕೂಡಿಸಿಕೊಳ್ಳಿ.

ಮೆಟ್ಟಿಲೂ ಕರುಳಿನದೇ, ಸಿತಾರಿನದರಂತೆ ಕಟ್ಟಿದ್ದು, ಸರಿಸಬಹುದು. ಮೊದಲನೆಯದು ಸಮಶ್ರುತಿಗೆ (ಹನ್ನೆರಡು ಸ್ವರಗಳ ಅಂತರವೂ ಒಂದೇ ಆಗಿರುವ ಪದ್ಧತಿ) ತಂತಿಯ ಬಿರಡೆ ಕಡೆಯ ತುದಿಯಿಂದ 33.7 ಮಿ.ಮೀ.ನಲ್ಲಿದ್ದರೆ, ಆರನೇ ಒಂದು ಕಾಮಾದ ಮೀನ್‌ಟೋನ್ ಎಂಬ ಹಳೆಯ ಶ್ರುತಿ ಪದ್ಧತಿಗೆ 36.3ರಲ್ಲಿ. ಆರನೇ ಜೋಡಿಯ ತಂತಿ 1.4 ಮಿ.ಮೀ. ದಾಟುತ್ತದೆ, ಒತ್ತಿದರೆ ಶ್ರುತಿ ಏರುತ್ತದೆ. ಆ ಬದಿಯಲ್ಲಿ ಮೆಟ್ಟಿಲನ್ನು ಕೂದಲೆಳೆಯಷ್ಟು ಬಿರಡೆಯ ಕಡೆಗೆ ಓರೆ ಮಾಡಿ.

ಇಷ್ಟು ಬೈದ ಮೇಲೂ ಆ ದಪ್ಪ ತಂತಿಗಳನ್ನು ಬಿಚ್ಚಲು ಮನಸ್ಸಾಗದು. ಲೋಹ ಸುತ್ತಿದ ತಂತಿ ಮೀಟಿದ ಮೇಲೂ ಗಂಯ್ಗುಟ್ಟುತ್ತ ಮುಂದಿನ ಸ್ವರಕ್ಕೆ ತಾಗುತ್ತದೆ. ಕರುಳಿನದು ಬೇಗ ಆರುತ್ತದೆ, ಹಾಗಾಗಿ ಅಷ್ಟಿಷ್ಟು ಶ್ರುತಿ ತಪ್ಪಿದ್ದನ್ನೂ ಕಿವಿ ಕ್ಷಮಿಸುತ್ತದೆ. ಮೂರು ಸ್ವರಧಾರೆ ಒಟ್ಟಿಗೆ ಸಾಗುವ ರಚನೆಗಳಲ್ಲಿ ಕೆಳಗಿನ ಧಾರೆ ಬೇರೆಯಾಗಿ ಕೇಳಿಸುವುದು ಆಗಲೇ.

ನಿತ್ಯದ ಆರೈಕೆ ಸಣ್ಣದು: ತಂತಿಯಿಂದ ಎದ್ದ ನಾರೆಳೆಯನ್ನು ಕೀಳಬೇಡಿ, ನೇಲ್‌ಕಟರಿನಲ್ಲಿ ಬುಡಕ್ಕೆ ಕತ್ತರಿಸಿ. ಬಾದಾಮಿ ಎಣ್ಣೆ ಸೋಕಿದ ಬಟ್ಟೆಯಲ್ಲಿ ಒಮ್ಮೆ ಸವರಿ, ಒಣಬಟ್ಟೆಯಲ್ಲಿ ಒರೆಸಿ. ತೇವದಿಂದ ಕಾಪಾಡಲು ಲ್ಯೂಟನ್ನು ಹಗಲು ಹಾಸಿಗೆಯಲ್ಲಿ ಮಲಗಿಸಿ ಎಂದು ಇಂಗ್ಲೆಂಡಿನ ಲ್ಯೂಟ್ ವಾದಕ ಥಾಮಸ್ ಮೇಸ್ 1676ರಲ್ಲೇ ಬರೆದಿದ್ದಾನೆ, ತಮಾಷೆಗಲ್ಲ.

ಕೈ ಬಿಗಿ ಇದ್ದವರು ಮೇಲಿನದಕ್ಕೆ ನೈಲ್‌ಗಟ್ (ಕರುಳಿನಂತೆ ನುಡಿಯುವ ಕೃತಕ ತಂತಿ) ಹಾಕಿ, ಉಳಿದದ್ದು ಕರುಳಿರಲಿ. ಪೂರ್ತಿ ಕರುಳೇ ಬೇಕೆಂದರೆ ಪರೀಕ್ಷಿಸಿದ ಮೂರು ಮೇಲಿನ ತಂತಿ ಕೈಯಲ್ಲಿಲ್ಲದೆ ಸ್ಟುಡಿಯೋ ಗೊತ್ತು ಮಾಡಬೇಡಿ.